ಹಗ್ಗದ ಗುರುತು

ಶುಕ್ರವಾರ, ನಸುಕಿನ ನಾಲ್ಕು.
ರೂವಿಯ ಗಡಿಯಾರ ಕಂಬದ ಬಳಿ ಹಳೆಯ ಪ್ರಾಡೊ.
ನಾವು ಆರು ಜನ; ದಾರಿ ತೋರಿಸಲು ಸುಲೈಯಮ್,
ಮಾತಿಗಿಂತ ಖರ್ಜೂರವನ್ನೇ ಹೆಚ್ಚು ಕೊಡುವವನು.

ನಾನು ಲಿಫ್ಟ್ ಮೆಕ್ಯಾನಿಕ್.
ಹದಿನಾಲ್ಕು ವರ್ಷದಿಂದ ಮಸ್ಕತ್ತಿನ ಮಹಡಿಗಳನ್ನು
ಮೆಟ್ಟಿಲು ತುಳಿಯದೆ ಹತ್ತಿದ್ದೇನೆ.
‘ಆರು ಜನ, ನಾಲ್ಕುನೂರ ಐವತ್ತು ಕಿಲೋ’ —
ಆ ತಗಡು ಕಣ್ಣೊಳಗೇ ಕೂತುಬಿಟ್ಟಿದೆ,
ಯಾರು ಎದುರಾದರೂ ತೂಗಿ ನೋಡುತ್ತೇನೆ:
ಲ್ಯಾಬಿನ ಪ್ರೆಸಿಲ್ಲಾ ಬಾಯಿ ಅರವತ್ತೆಂಟು,
ಬ್ಯಾಗೂ ಅದರೊಳಗಿನ ನೀರುದೋಸೆಯೂ ಸೇರಿ ಎಪ್ಪತ್ತೈದು.
ಹಸನಬ್ಬ ತೊಂಬತ್ತು.
ಎಂಬತ್ತು ಎಂದು ಅವರ ವಾದ.

ಅಲ್ ಹಮ್ರಾ ದಾಟಿದ ಮೇಲೆ ಡಾಂಬರು ಮುಗಿಯಿತು,
ಹಸನಬ್ಬರ ಹಳೆಯ ಹಾಡುಗಳೂ ಮುಗಿದವು.
ಜಬಲ್ ಶಮ್ಸ್: ಸೂರ್ಯನ ಬೆಟ್ಟ.
ಅಲ್ಲಿ ಇಳಿದು ನಾನು ಮೊದಲು ಮಾಡಿದ ಕೆಲಸ
ಎರಡೂ ಕೈ ಕಂಕುಳಿಗೆ ಸಿಕ್ಕಿಸಿಕೊಂಡದ್ದು.
ಗಲ್ಫಿನಲ್ಲಿ ಹಲ್ಲು ಕಟಕಟಿಸಿತು ಅಂದರೆ
ಇಂಡಿಯಲ್ಲಿರುವ ಅಕ್ಕ ಫೋನಿನಲ್ಲೇ ನಗುತ್ತಾಳೆ.

ಮರಗಳೂ ಇದ್ದವು. ಕಾಡು ಎನ್ನಲು ನಾಲಿಗೆ ಹಿಂಜರಿಯುವಷ್ಟು ವಿರಳ,
ಒಂದು ಇನ್ನೊಂದನ್ನು ಕೂಗಿ ಕರೆಯಬೇಕಾದಷ್ಟು ದೂರ.
ಸುಲೈಯಮ್ ಒಂದೊಂದರ ಮೈದಡವಿ ಹೆಸರು ಹೇಳಿದ:
ಇದು ಅಲ್ಅಲಾನ್, ಇದು ಇತ್ಮ್, ಕಾಡು ಆಲಿವ್.
ಅಲ್ಅಲಾನ್ ಕಾಯಿ ಹಿಚುಕಿ ಮೂಸಿದೆ:
ಟರ್ಪಂಟೈನ್, ಸ್ವಲ್ಪ ಕರ್ಪೂರ,
ಹೊಸ ಕಟ್ಟಡದ ಬಾಗಿಲು.

ಆಮೇಲೆ ಅಂಚು.
ಎಡಕ್ಕೆ ಬೆಟ್ಟದ ಪಕ್ಕೆಲುಬು, ಬಲಕ್ಕೆ ಏನೂ ಇಲ್ಲ.
ಆ ಏನೂ ಇಲ್ಲದ್ದರ ತಳದಲ್ಲಿ
ಬೆಂಕಿಕಡ್ಡಿಯಷ್ಟು ಖರ್ಜೂರದ ಮರಗಳು.
ನಮಗಿಂತ ಕೆಳಗೆ ಹದ್ದು ಹಾರುತ್ತಿತ್ತು.
ಹದ್ದಿನ ಬೆನ್ನು ಕಂಡದ್ದು ಅದೇ ಮೊದಲು.
ನಲವತ್ತು ಅಂತಸ್ತಿನ ಗುಂಡಿಗೆ
ಟಾರ್ಚು ಬಿಟ್ಟು ಇಣುಕುವ ನಾನು
ಗೋಡೆಗೆ ಅಂಟಿಕೊಂಡು ನಡೆದೆ.
ಮುಂದೆ ಪ್ರೆಸಿಲ್ಲಾ ಬಾಯಿ ಜಪಸರ ಎಣಿಸುತ್ತ,
ಅವರ ಮುಂದೆ ಒಂದು ಮೇಕೆ,
ಹಸನಬ್ಬರ ಟಿಶ್ಯೂ ಪೇಪರು ಜಗಿಯುತ್ತ.

ಸಾಬ್ ಎಂಬ ಊರು ಬಂಡೆಯ ಬಾಯೊಳಗಿದೆ,
ಜನ ಯಾವತ್ತೋ ಇಳಿದು ಹೋಗಿದ್ದಾರೆ.
ಬಂಡೆಯ ಅಂಗಳಕ್ಕೆ ಮಸಿ ಇನ್ನೂ ಮೆತ್ತಿಕೊಂಡಿದೆ.
ನೋಡಲು ಹೆಚ್ಚಿಲ್ಲ ಎಂದು ಎಲ್ಲರೂ ಬುತ್ತಿ ಬಿಚ್ಚಿದರು.
ನಾನು ತುದಿಯ ಕಲ್ಲಿನ ಬಳಿ ಕೂತೆ.

ಕಲ್ಲಿನಲ್ಲಿ ಒಂದು ಗೀರು. ಅಲ್ಲ, ಗೀರಲ್ಲ,
ಹೆಬ್ಬೆರಳು ಹೂತುಹೋಗುವ ನುಣುಪಾದ ಕಾಲುವೆ.
ಪಕ್ಕದಲ್ಲಿ ಇನ್ನೊಂದು, ಮತ್ತೊಂದು.
ಈ ಸವೆತ ನನಗೆ ಗೊತ್ತು.
ಗಡಗಡೆಯ ತೋಡಿನಲ್ಲಿ ದಿನವೂ ಇದನ್ನೇ ಅಳೆಯುತ್ತೇನೆ.
‘ಹಗ್ಗ’ ಅಂದೆ.
ಸುಲೈಯಮ್ ಮೊದಲ ಸಲ ನನ್ನನ್ನು ಪೂರ್ತಿ ನೋಡಿದ.

ಕಣಿವೆಯ ಪೇಟೆಯಿಂದ ಸಾಮಾನು ಏರುತ್ತಿದ್ದದ್ದು ಇಲ್ಲೇ, ಅಂದ.
ನೀನೂ ಎಳೆದಿದ್ದೀಯಾ?
ಇಲ್ಲ. ನನ್ನನ್ನು ಎಳೆದಿದ್ದರು.
ಐದು ವರ್ಷ, ಕೆಂಡದಂಥ ಜ್ವರ.
ಹಗ್ಗವನ್ನು ಅಕ್ಕಿಗೆ ಕಟ್ಟಿದ್ದರು,
ನನ್ನನ್ನು ಅಕ್ಕಿಗೆ ಕಟ್ಟಿದ್ದರು.
ಮೇಲೆ ಅಜ್ಜಿ ಇದ್ದಳು.
ಮೊದಲು ಯಾವುದನ್ನು ಬಿಚ್ಚಿದಳು, ಕೇಳಬೇಡ,
ಅಂತ ನಕ್ಕು ಖರ್ಜೂರ ಕೊಟ್ಟ.

ಇನ್ನೂ ಮೇಲೆ ಒಂದು ಕೊಳ.
ನಕ್ಷೆಯಲ್ಲಿಲ್ಲ; ಮಲ್ಲಿಗೆ ಮಂಟಪದಷ್ಟೇ ಅಗಲ.
ಬಂಡೆ ಬೆವರಿದ ನೀರು ಹನಿಹನಿಯಾಗಿ ಕೂಡಿದ್ದು.
ಪ್ರೆಸಿಲ್ಲಾ ಬಾಯಿ ಕಾಲು ಇಳಿಬಿಟ್ಟು
ಆಹಾ ಎನ್ನುವ ಮೊದಲೇ ಅತ್ತರು,
ಯಾಕೆಂದು ಯಾರೂ ಕೇಳಲಿಲ್ಲ.
ಹಸನಬ್ಬ ಅತ್ತ ತಿರುಗಿ ವಜೂ ಮಾಡಿದರು.
ನಾನು ಬಾಟಲಿ ತುಂಬಿಸಿಕೊಂಡೆ.

ಭಾನುವಾರ, ಅಲ್ ಖುವೈರ್, ಎಂಟನೇ ಮಹಡಿಯ ಮೇಲಿನ ಯಂತ್ರಕೋಣೆ.
ಗಡಗಡೆಯ ತೋಡಿಗೆ ಅಳತೆಪಟ್ಟಿ ಇಟ್ಟೆ:
ಸವೆದಿದೆ, ಬದಲಿಸಬೇಕು.
ಹಾಗೆಂದೇ ಬರೆದೆ.
ಬರೆದ ಮೇಲೂ, ಕೈಗವಸು ಕಳಚಿ,
ಹೆಬ್ಬೆರಳನ್ನು ಅಲ್ಲೇ ಇಟ್ಟುಕೊಂಡು
ಸ್ವಲ್ಪ ಹೊತ್ತು ನಿಂತಿದ್ದೆ.
ಕೆಳಗಿನಿಂದ ಯಾರೋ ಗುಂಡಿ ಒತ್ತುತ್ತಲೇ ಇದ್ದರು.