ಹೆಸರಿಲ್ಲದವನ ವಿಳಾಸ

ದರ್ಖಾನಿನ ಉಣ್ಣೆ ಕಾರ್ಖಾನೆಯಲ್ಲಿ
ಲೆಕ್ಕ ಬರೆಯುವ ದುಲಮ್‌ಸುರೆನ್
ಕೈಗವಸಿನ ಬೆರಳತುದಿ ಕತ್ತರಿಸಿಕೊಂಡು
ಕೀಲಿಮಣೆಯ ಮುಂದೆ ಕೂತಿದ್ದಾಳೆ.
ಹೊರಗೆ ಮೈನಸ್ ಮೂವತ್ತೊಂದು.
ಕಿಟಕಿಯ ಒಳಗಾಜಿಗೂ ಮಂಜು ಹತ್ತಿದೆ.

ಇಟಲಿಯ ವ್ಯಾಪಾರಿ ಕಡ್ಡಿ ಮುರಿದಂತೆ ಬರೆದಿದ್ದ:
ಯಾರ್ಯಾರದೋ ಸ್ವಂತ ಮೇಲಿಂದ ಬಂದ ಬಿಲ್ಲಿಗೆ
ಇನ್ನು ಹಣ ಕಳಿಸುವುದಿಲ್ಲ.
ಬಾಚುವವರಿಂದ ಹಿಡಿದು ಬೇಲು ಕಟ್ಟುವವರ ತನಕ
ಎಲ್ಲರಿಗೂ ಕಂಪನಿಯ ಹೆಸರಲ್ಲಿ ಒಂದೊಂದು ವಿಳಾಸವಿರಲಿ,
ಯಾವ ಗಂಟು ಯಾರ ಕೈ ದಾಟಿತೆಂದು
ನನಗೆ ತಿಳಿಯಲಿ.

ಅರವತ್ನಾಲ್ಕು ಜನ.
ಒಂದೊಂದೇ ಖಾತೆ ತೆರೆಯಹೊರಟರೆ
ಬೆಳಗಾಗುತ್ತದೆ, ಉಪ್ಪಿನ ಚಹಾ ಕೆನೆಗಟ್ಟುತ್ತದೆ.
ಹೋಸ್ಟಿಂಗಿನ ಹುಡುಗ ಫೋನಿನಲ್ಲಿ ಹೇಳಿಕೊಟ್ಟ:
ಒಂದು ಪಟ್ಟಿ ಮಾಡಕ್ಕಾ,
ಹೆಸರು ಅಲ್ಪವಿರಾಮ ಪಾಸ್‌ವರ್ಡು ಅಲ್ಪವಿರಾಮ ಜಾಗ,
ಸಾಲಿಗೊಬ್ಬರು,
ನಡುವೆ ಖಾಲಿ ಬಿಡಬೇಡ,
ಏರಿಸು, ಒತ್ತು. ಅಷ್ಟೇ.

ಸಂಬಳದ ಪಟ್ಟಿ ಇತ್ತು, ಸಿರಿಲಿಕ್‌ನಲ್ಲಿ.
ವಿಳಾಸಕ್ಕೋ ಇಂಗ್ಲಿಷಿನ ಅಕ್ಷರವೇ ಆಗಬೇಕು.
ಲಿಪಿ ಬದಲಿಸಿಕೊಡು ಎಂದು ಯಂತ್ರಕ್ಕೆ ಸುರಿದಳು.
ಅದು ಅರ್ಥವನ್ನೇ ಬದಲಿಸಿಕೊಟ್ಟಿತು.
ಅವಳು ನೋಡಲಿಲ್ಲ, ಕಣ್ಣು ಎಳೆಯುತ್ತಿತ್ತು.
ಹಸಿರು ಗೀಟು ಓಡಿ ಮುಗಿಯಿತು:
ಅರವತ್ನಾಲ್ಕೂ ಆಯಿತು, ತಪ್ಪು ಸೊನ್ನೆ.

ಬೆಳಿಗ್ಗೆ ತೆರೆದರೆ
ನೂಲುವ ಚೆಚೆಗ್ ಬರೀ ಹೂವು.
ಬಾಯ್ಲರಿನ ತೊಮೊರ್ ಕಬ್ಬಿಣ, ಕಾವಲಿನ ಚುಲೂನ್ ಕಲ್ಲು,
ಪುರೆವ್ ಗುರುವಾರ,
ಬಣ್ಣದ ಮನೆಯ ಹುಡುಗ ಸುಖ್
(ನಮ್ಮ ಕಿವಿಗೆ ಸುಖ, ಅವರಲ್ಲಿ ಕೊಡಲಿ)
ಹರಿತವಾಗಿ ಕೊಡಲಿಯೇ ಆಗಿ ಕೂತಿದ್ದ.
ಕಾರ್ಖಾನೆಗೆ ಕಾರ್ಖಾನೆಯೇ ನಕ್ಕಿತು.
ಮಧ್ಯಾಹ್ನದವರೆಗೆ ಗುರುವಾರನನ್ನು ಯಾರೂ ಬೇರೆ ಹೆಸರಲ್ಲಿ ಕರೆಯಲಿಲ್ಲ.

ಸಾಲು ಮೂವತ್ತೆಂಟು, ನೆರ್ಗುಯಿ, ಉಣ್ಣೆ ತೊಳೆಯುವವ.
ವಿಳಾಸ: ಹೆಸರಿಲ್ಲ,
ಆಮೇಲೆ ಆ ಸುರುಳಿ ಗುರುತು, ಆಮೇಲೆ ಕಂಪನಿ.

ಅದೇನೂ ತಪ್ಪಲ್ಲ.
ಅವನಿಗಿಂತ ಮುಂಚೆ ಮೂವರು ಹುಟ್ಟಿ ಹೋಗಿದ್ದರಂತೆ.
ನಮ್ಮಲ್ಲಿ ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪ ಎನ್ನುವ ಹಾಗೆ
ಅವನಮ್ಮ ಹೆಸರಿಲ್ಲವೆಂದೇ ಹೆಸರಿಟ್ಟಳು,
ಹುಡುಕಿಕೊಂಡು ಬಂದದ್ದು ಬಾಗಿಲಲ್ಲಿ ನಿಂತರೂ
ಏನೆಂದು ಕೂಗಬೇಕೋ ತಿಳಿಯದಿರಲೆಂದು.

ಒದ್ದೆ ತೋಳಿನಲ್ಲೇ ಮೇಜಿನ ತನಕ ಬಂದ.
ನನ್ನದು ಅಳಿಸಿಬಿಡು ತಂಗಿ.
ಐವತ್ತೆಂಟು ವರ್ಷ ದಾರಿ ತಪ್ಪಿಸಿದ್ದೇನೆ,
ಈಗ ನೀನೇ ಕೂತು
ಬಾಗಿಲ ನಂಬರು ಬರೆದುಕೊಡಬೇಡ.

ಅಳಿಸಿದರೆ ಇಟಲಿಯವನು ಕೇಳುತ್ತಾನೆ, ಅಂದಳು.
ಸಾಲು ಖಾಲಿ ಬಿಟ್ಟರೆ ಕೆಳಗಿನವರೆಲ್ಲ
ಒಂದೊಂದು ಮನೆ ಮೇಲೆ ಸರಿದು
ಒಬ್ಬರ ಬೀಗಕ್ಕೆ ಇನ್ನೊಬ್ಬರ ಕೀಲಿ.

ಪರದೆಯನ್ನು ಬಹಳ ಹೊತ್ತು ನೋಡಿದ.
ಇದು ಯಾವ ಭಾಷೆ?
ಇಂಗ್ಲಿಷ್.
ಅದಕ್ಕೆ ಬರುತ್ತದೆಯೇ?
ಯಾವುದಕ್ಕೆ?
ಅವನು ಗದ್ದವೆತ್ತಿ ಬಾಗಿಲ ಕಡೆ ತೋರಿಸಿದ.
ಅವಳು ನಿಜಕ್ಕೂ ಯೋಚಿಸಿದಳು.
ನಮ್ಮ ಕಡೆಯದಲ್ಲವೇ, ಬರಲಿಕ್ಕಿಲ್ಲ.
ಹಾಗಾದರೆ ಇರಲಿ.

ಉಳಿದವರನ್ನು ಕೈಯಲ್ಲೇ ಮತ್ತೆ ಬರೆದಳು,
ಹೂವಿಗೆ ಚೆಚೆಗ್, ಕಲ್ಲಿಗೆ ಚುಲೂನ್.
ಸುಖ್ ಮಾತ್ರ ಕೊಡಲಿಯಾಗಿಯೇ ಇರುತ್ತೇನೆಂದು ಹಟ ಹಿಡಿದ,
ಬೈದು ಬದಲಿಸಿದಳು.

ಮೊದಲ ಕಾಗದ ಹೋಸ್ಟಿಂಗಿನದೇ.
ಪ್ರಿಯ ಹೆಸರಿಲ್ಲದವರೇ,
ನಿಮ್ಮ ಪೆಟ್ಟಿಗೆ ಸಿದ್ಧವಾಗಿದೆ.
ಆಡಿನ ಜಿಡ್ಡಿನ ಬೆರಳು ಪರದೆಗೆ ತಾಕದಂತೆ ಹಿಂದೆ ಕಟ್ಟಿಕೊಂಡು
ಅವಳಿಂದ ಎರಡು ಸಲ ಓದಿಸಿಕೊಂಡ.
ಇದಕ್ಕೆ ಉತ್ತರ ಬರೆಯಬೇಕೇ?
ಬೇಡ.
ಒಳ್ಳೆಯದಾಯಿತು, ಎಂದು
ತೊಟ್ಟಿಯ ಕಡೆ ಹೋದ.
ಎರಡನೆಯ ನೀರು ಕಾದಿತ್ತು.