ಮುಚ್ಚಳ

ಸಾಲ್ತೊ ಊರಿನ ಕಿತ್ತಳೆಗೆ ಬಣ್ಣ ಬರುವ ಮೊದಲೇ
ನನ್ನ ಗಾಂಜಾ ಕೊಯ್ದಾಯಿತು.
ಆರು ಗಿಡ, ಸರ್ಕಾರದ ಚೀಟಿಯಲ್ಲಿ ಬರೆದಷ್ಟೇ.
ಹೊಲಿಗೆ ಕೋಣೆಯ ಕಿಟಕಿಗೆ ಕಪ್ಪು ಬಟ್ಟೆ,
ಗೋಡೆಯಿಂದ ಗೋಡೆಗೆ ಹಗ್ಗ,
ರೆಂಬೆಗಳೆಲ್ಲ ತಲೆಕೆಳಗು.

ಹನ್ನೊಂದು ದಿನ. ಬಿಸಿಲು ಕೂಡದು, ಅವಸರ ಕೂಡದು.
ಬೆಳಿಗ್ಗೆ ಎದ್ದು ಒಂದು ಕಡ್ಡಿ ಬಗ್ಗಿಸುತ್ತೇನೆ:
ಬಳುಕಿದರೆ ಇಲ್ಲ.
ಹನ್ನೆರಡನೆಯ ದಿನ ಪಟಕ್ಕನೆ ಮುರಿಯಿತು.

ಇನ್ನು ಗಾಜಿನ ಭರಣಿ. ದಿನಕ್ಕೊಮ್ಮೆ ತೆರೆಯಬೇಕು,
ಕೂಸನ್ನು ಹೆಗಲಿಗೆ ಹಾಕಿ ತೇಗಿಸಿದ ಹಾಗೆ.
ನನ್ನ ಊದಿದ ಗೆಣ್ಣುಗಳಿಗೆ ಮುಚ್ಚಳ ಜಗ್ಗುವುದಿಲ್ಲ.
ಸಂಜೆ ಆರಕ್ಕೆ ಪಕ್ಕದ ಮನೆಯ ಎವಾರಿಸ್ತೊ
ಥರ್ಮಾಸು ಕಂಕುಳಲ್ಲಿ ಇರುಕಿಕೊಂಡು ಬರುತ್ತಾನೆ,
ತಿರುಗಿಸುತ್ತಾನೆ, ಮೂಸುತ್ತಾನೆ.
"ಇನ್ನೂ ಹಸಿ ಹುಲ್ಲು, ದೆಲ್ಮೀರಾ."

ಆ ಮೂಗು ನನಗೆ ಗೊತ್ತು.
ಎಪ್ಪತ್ತೊಂಬತ್ತರಲ್ಲಿ ಇದೇ ವಾಸನೆ ಹಿಡಿದು
ನಮ್ಮ ಬಾಗಿಲು ಒದ್ದದ್ದು.
ತಮ್ಮನನ್ನು ಎಳೆದೊಯ್ದ ಬೂಟಿನ ಗೀರು
ಹೊಸಿಲಲ್ಲಿದೆ. ದಿನಾ ಅದನ್ನು ದಾಟಿಯೇ ಬರುತ್ತಾನೆ.

ಆ ಮಾತು ನಾವು ಎತ್ತಿಲ್ಲ.
ನಿನ್ನೆ ಮಾತ್ರ, ಒಂದು ಭರಣಿ ತೀರಾ ಒಣಗಿತೆಂದು
ಹಸಿರು ಬಿಡದ ಕಿತ್ತಳೆಯ ಸಿಪ್ಪೆ ಚೂರೊಂದು ಒಳಗಿಟ್ಟವನು
ಮುಚ್ಚಳ ಕೈಯಲ್ಲೇ ಹಿಡಿದು ನಿಂತುಬಿಟ್ಟ.

"ಬಿಗಿ," ಅಂದೆ,
"ನಾಳೆ ಮತ್ತೆ ತೆಗೆದರಾಯಿತು."