ಹೆಪ್ಪು

ಯೋಕೊತೆಯಲ್ಲಿ ಹಿಮ ಕಿಟಕಿಯ ಅರ್ಧಕ್ಕೆ ಬಂದಿತ್ತು.
ನಾಲ್ಕನೆಯ ಮಂಚದಲ್ಲಿ ಮೊಗಾಮಿ ಯೋಹೆಯಿ,
ಎಪ್ಪತ್ತೊಂದು, ನತ್ತೋ ಮಾಡುವವನು.
ಬೆಂದ ಸೋಯಾಕಾಳನ್ನು ಹುಲ್ಲಿನಲ್ಲಿ ಕಟ್ಟಿ
ಎಳೆ ಬಿಡುವವರೆಗೆ ಬೆಚ್ಚಗೆ ಮಲಗಿಸುವ ಕೈಗಳು
ಈಗ ಹಾಸಿಗೆಯ ಎರಡೂ ಬದಿಗೆ ಬಿದ್ದಿದ್ದವು.
ಪಿತ್ತನಾಳದ ಸೋಂಕು ರಕ್ತಕ್ಕಿಳಿದು
ಒಂಬತ್ತು ದಿನ ಮಾತಿಲ್ಲ, ಅನ್ನವಿಲ್ಲ,
ಎಂಟು ಗಂಟೆಗೊಮ್ಮೆ ಸೆಫ್ಮೆಟಜೋಲ್.

ಜ್ವರ ಇಳಿಯಿತು. ಎಲ್ಲರೂ ಉಸಿರುಬಿಟ್ಟೆವು.
ಆಮೇಲೆ ನರ್ಸ್ ತೊಗಾಶಿ ಸೂಜಿ ಕಿತ್ತ ಜಾಗಕ್ಕೆ
ಹತ್ತಿ ಒತ್ತಿ ಹಿಡಿದಳು. ಐದು ನಿಮಿಷ, ಹತ್ತು,
ಇಪ್ಪತ್ತು.
ಹತ್ತಿ ಬದಲಾಯಿತು. ರಕ್ತ ನಿಲ್ಲಲಿಲ್ಲ.
ವಸಡಿನಲ್ಲೂ ಜಿನುಗು.
ಜಿನುಗುವುದಕ್ಕೆ ಸದ್ದಿಲ್ಲ,
ಯಾವ ಯಂತ್ರವೂ ಕೂಗಿಕೊಳ್ಳಲಿಲ್ಲ.

ನಾನು ಈ ವಾರ್ಡಿನ ಔಷಧಗಾರ್ತಿ.
ಹನ್ನೆರಡು ವರ್ಷದಿಂದ ನನ್ನದು ಒಂದೇ ಪಾಠ:
ವಾರ್ಫರಿನ್ ನುಂಗುವವರು ನತ್ತೋ ಮುಟ್ಟಬಾರದು,
ಮದ್ದಿನ ಕೆಲಸವನ್ನೆಲ್ಲ ಅದು ಕೆಡಿಸುತ್ತದೆ,
ಒಂದು ಚಮಚ ಬೇಡ, ಅಜ್ಜಿ, ಒಂದು ಕಾಳೂ ಬೇಡ.
ಯೋಹೆಯಿಯ ಅರ್ಧ ಗಿರಾಕಿಗಳನ್ನು
ಕಳೆದವಳು ನಾನೇ ಇರಬೇಕು.

"ನಂಜು ಹೆಪ್ಪಿನ ಸಾಮಾನನ್ನೆಲ್ಲ ತಿಂದು ಮುಗಿಸಿದೆ"
ಎಂದರು ಡಾಕ್ಟರ್ ಓನಾಮಿ. ಇರಬಹುದಿತ್ತು.
ಆದರೆ ಪ್ಲೇಟ್‌ಲೆಟ್ಟು ನೆಟ್ಟಗಿದ್ದವು,
ಐಎನ್‌ಆರ್ ಮಾತ್ರ ಐದು ದಾಟಿತ್ತು.
ರಾತ್ರಿ ಎರಡಕ್ಕೆ ಹಾಳೆ ತಿರುವುತ್ತ ಕೂತೆ.
ಊಟ ನಿಂತು ಎಷ್ಟು ದಿನ, ಮದ್ದು ಹತ್ತಿ ಎಷ್ಟು ದಿನ,
ಬೆರಳು ಮಡಿಸಿ ಎಣಿಸಿದೆ.
ಎರಡೂ ಕೈ ಒಂದೇ ಬೆರಳಿಗೆ ಬಂದು ನಿಂತವು.

ಕರುಳಿನ ಕತ್ತಲಲ್ಲಿ ಬಾಡಿಗೆಗೆ ಬದಲು
ಚೂರು ಚೂರು ಕೆ ವಿಟಮಿನ್ನು ಕೊಡುತ್ತ
ಬದುಕಿದ್ದ ಕೋಟಿ ಬಡಜೀವಗಳು
ಕಳ್ಳರ ಸಾಲಿನಲ್ಲೇ ನಿಂತು ಗುಂಡು ತಿಂದಿದ್ದವು.
ಮದ್ದಿಗೆ ಮುಖದ ಗುರುತು ಸಿಗುವುದಿಲ್ಲ.
ಸಾಲದ್ದಕ್ಕೆ ಅದರ ಬಾಲದ ತುಣುಕೊಂದು
ಲಿವರಿಗೆ ಹೋಗಿ, ಉಳಿದದ್ದಕ್ಕೂ ಬೀಗ ಜಡಿದಿತ್ತು.
ಹೆಪ್ಪು ಹಾಕದ ಹಾಲನ್ನು
ಎಷ್ಟು ಹೊತ್ತು ಮುಚ್ಚಿಟ್ಟು ಕಾದರೇನು?

ಓನಾಮಿಯನ್ನು ಎಬ್ಬಿಸಿದೆ. ಬೈದರು. ಬಂದರು.
ಸೆಫ್ಮೆಟಜೋಲ್ ಇಳಿಸಿ ಬೇರೆ ಬಾಟಲಿ ತೂಗಿಹಾಕಿದೆವು.
ಹಳದಿ ಆಂಪೂಲು, ಕಿರುಬೆರಳಷ್ಟು ಉದ್ದ.
ನಿಧಾನ ಇಳಿಸಬೇಕು, ಹನಿ, ಹನಿ,
ಅವಸರ ಮಾಡಿದರೆ ಅದೂ ಕೊಲ್ಲಬಲ್ಲದು.

ಬೆಳಿಗ್ಗೆ ಹೆಂಡತಿ ಕಿನು ಬಂದಳು,
ಬಟ್ಟೆಯ ಗಂಟಿನಲ್ಲಿ ಹುಲ್ಲಿನ ಪೊಟ್ಟಣ.
ಒಳಗೆ ಬಿಡಲಿಲ್ಲ. ವಾಸನೆ ಮಾತ್ರ ಬಂತು.
ವಿಷಯ ಹೇಳಿದೆ. ಅವಳು ಅಳಲಿಲ್ಲ, ಕೇಳಿದಳು:
"ಎಲ್ಲ ಸತ್ತವೇ? ಒಂದೂ ಉಳಿದಿಲ್ಲವೇ?
ಎದ್ದರೆ ಇವರು ಮೊದಲು ಕೇಳುವುದು ಅದನ್ನೇ.
ನಮ್ಮವು ಕುದಿಯುವ ಕಾಳಿನ ಮೇಲೂ ಸಾಯುವುದಿಲ್ಲ.
ಪಕ್ಕದ ಸಾಕೆ ಭಟ್ಟಿಯವರು ಅದಕ್ಕೇ ಹೆದರಿ
ಚಳಿಗಾಲವಿಡೀ ದೂರದಿಂದ ನಮಸ್ಕಾರ ಹೇಳುತ್ತಾರೆ."
ಉಳಿದಿರಬಹುದು, ಎಂದೆ. ಮತ್ತೆ ಬೆಳೆಯುತ್ತವೆ.
ಗೊತ್ತಿದ್ದು ಹೇಳಿದೆನೋ, ಗೊತ್ತಿಲ್ಲದೆಯೋ.

ಮಧ್ಯಾಹ್ನ ಮೂರಕ್ಕೆ ತೊಗಾಶಿ ಹತ್ತಿ ಎತ್ತಿದಳು.
ಒಂದು ಕಪ್ಪು ಮಣಿ, ಕಾಳಿನಷ್ಟು,
ಹತ್ತಿಗೆ ಕಚ್ಚಿಕೊಂಡು ಸಣ್ಣ ಎಳೆಯೆಳೆಯಿತು.
ಬಿಡಬೇಡ, ಎಂದೆ, ಅವಳಿಗೋ ಅದಕ್ಕೋ.

ಸಂಜೆ ಕೌಂಟರಿನಲ್ಲಿ ಒಬ್ಬ ಅಜ್ಜಿ
ವಾರ್ಫರಿನ್ ಚೀಟಿ ಹಿಡಿದು ನಿಂತಿದ್ದಳು.
ಅದೇ ಮಾತು ಹೇಳಿದೆ, ಹೇಳಲೇಬೇಕು:
ನತ್ತೋ ಬೇಡ, ಒಂದು ಕಾಳೂ ಬೇಡ.
ದನಿ ಮಾತ್ರ ಯಾಕೋ ಅಂಟಂಟಾಗಿ ಬಂತು.